ಬೀಸುಕಲ್ಲಿನ ಪದದಿಂದ ಕಲಾ ಚಿಕಿತ್ಸೆಯವರೆಗೆ

ಗಡಹಿಂಗ್ಲಜ ತಾಲೂಕಿನ ನೂಲ, ಹಲಕರ್ಣಿ, ಬಸರ್ಗೆ, ತೇರಣಿ ಕಡೆಯ ಹಳ್ಳಿಗಳಲ್ಲಿ ಎಪ್ಪತ್ತು ದಾಟಿದ ಅಜ್ಜಿಯರ ಮುಂದೆ ಬೀಸುಕಲ್ಲಿನ ಮಾತು ತೆಗೆದರೆ ಮೊದಲು ರಟ್ಟೆ ನೋವಿನ ಸುದ್ದಿ ಬರುತ್ತದೆ, ಆಮೇಲೆ ಹಾಡಿನ ಸುದ್ದಿ. ಕೋಳಿ ಕೂಗುವ ಮೊದಲೇ ಎದ್ದು ಅತ್ತೆ ಸೊಸೆ, ಇಲ್ಲವೇ ನೆಗೆಣ್ಣಿಯರಿಬ್ಬರು ಎದುರುಬದುರು ಕುಳಿತು ಒಂದೇ ಗೂಟ ಹಿಡಿದು ಕಲ್ಲು ತಿರುವುತ್ತಿದ್ದ ಕಾಲ ಅದು. ಹಗಲಿನಲ್ಲಿ ಬಾಯಿ ಬಿಟ್ಟು ಆಡಲಾಗದ ಮಾತೆಲ್ಲ ಆ ಹೊತ್ತಿನಲ್ಲಿ ಪದವಾಗಿ ಬರುತ್ತಿತ್ತು. ಗಂಡನ ಸಿಟ್ಟು, ಪಂಚಮಿಗೆ ಕರೆಯಲು ಬಾರದ ಅಣ್ಣ, ಕೈಗೂಸಾಗಿ ತೀರಿಕೊಂಡ ಮಗು ಎಲ್ಲವೂ ಅದರಲ್ಲಿದ್ದವು. ಅತ್ತೆಯ ಮೇಲಿನ ದೂರನ್ನು ಅತ್ತೆಯ ಎದುರೇ ಹಾಡಬಹುದಿತ್ತು. ಹಾಡು ತಾನೆ? ಯಾರಿಗೂ ಹೇಳಿದ್ದಲ್ಲ, ಕಲ್ಲಿಗೆ ಹೇಳಿದ್ದು.

ಗಡಿ ಭಾಗದಲ್ಲಿ ಈ ಹಾಡಿಗೆ ಎರಡು ನಾಲಿಗೆ. ಕನ್ನಡದಲ್ಲಿ ಹಾಡಿದರೆ ತ್ರಿಪದಿ, ಮರಾಠಿಯಲ್ಲಿ ಹಾಡಿದರೆ ಓವಿ. ಸಂಕೇಶ್ವರದ ಕಡೆಯಿಂದ ಸೊಸೆಯಾಗಿ ಬಂದವಳು ತವರಿನ ಪದವನ್ನು ತನ್ನ ಜೊತೆಗೇ ತರುತ್ತಿದ್ದಳು. ಒಂದು ಬುಟ್ಟಿ ಜೋಳ ಮುಗಿಯುವುದರೊಳಗೆ ಶ್ರೀಶೈಲದ ಮಲ್ಲಯ್ಯನೂ ಪಂಢರಪುರದ ವಿಠೋಬನೂ ಬಂದು ಹೋಗುತ್ತಿದ್ದರು. ಈ ಹಾಡುಗಳ ಬೆಲೆ ತಿಳಿದವರು ಎರಡೂ ಭಾಷೆಗಳಲ್ಲಿ ಇದ್ದರು. ಮಧುರಚೆನ್ನ, ಸಿಂಪಿ ಲಿಂಗಣ್ಣ ಮೊದಲಾದ ಹಲಸಂಗಿ ಗೆಳೆಯರು ವಿಜಯಪುರ ಸೀಮೆಯಲ್ಲಿ ಸಂಗ್ರಹಿಸಿದ ‘ಗರತಿಯ ಹಾಡು’ 1931ರಲ್ಲಿ ಪ್ರಕಟವಾಯಿತು. ಮಹಾರಾಷ್ಟ್ರದಲ್ಲಿ ಪುಣೆಯ ಹೇಮಾ ರಾಯರಕರ ಮತ್ತು ಫ್ರಾನ್ಸಿನಿಂದ ಬಂದು ಅಲ್ಲಿಯೇ ನೆಲೆಸಿದ್ದ ಗೀ ಪ್ವಾತ್ವ್ಯಾಂ 1980ರ ದಶಕದಿಂದ ಹಳ್ಳಿ ಹಳ್ಳಿ ಸುತ್ತಿದರು. ಇವರ ತಂಡ ಕೂಡಿಹಾಕಿದ ಓವಿಗಳ ಸಂಖ್ಯೆ ಒಂದು ಲಕ್ಷಕ್ಕೂ ಹೆಚ್ಚು. ಆ ಸಂಗ್ರಹ ಈಗ ‘ಪರಿ’ ಎಂಬ ಗ್ರಾಮೀಣ ಭಾರತದ ದಾಖಲೆ ತಾಣದಲ್ಲಿ ಧ್ವನಿ ಸಮೇತ ಸಿಗುತ್ತದೆ.

ನಂತರ ಊರೂರಿಗೆ ಕರೆಂಟಿನ ಗಿರಣಿ ಬಂತು. ಬಂದದ್ದು ಒಳ್ಳೆಯದೇ, ಬೀಸುವ ದುಡಿತ ಮತ್ತೆ ಬರಲಿ ಎಂದು ಯಾವ ಅಜ್ಜಿಯೂ ಹರಕೆ ಹೊರುವುದಿಲ್ಲ. ಆದರೆ ಕಲ್ಲು ಮೂಲೆ ಸೇರಿದಾಗ ಅದರ ಜೊತೆಗಿದ್ದ ಒಂದು ಗಂಟೆಯೂ ಹೋಯಿತು. ಅಡ್ಡ ಬಾಯಿ ಹಾಕುವವರಿಲ್ಲದೆ ಮನಸ್ಸಿನೊಳಗಿನದನ್ನು ಹೊರಗೆ ಹಾಕಲು ಸಿಗುತ್ತಿದ್ದ ಗಂಟೆ ಅದು. ಗಿರಣಿ ಹಿಟ್ಟು ಕೊಟ್ಟಿತು, ಆ ಗಂಟೆಯನ್ನು ಕೊಡಲಿಲ್ಲ.

ಹೊರಗೆ ಬಾರದ ಮಾತು ಏನಾಗುತ್ತದೆ ಎಂಬುದಕ್ಕೆ ಕನ್ನಡದಲ್ಲಿ ಒಂದು ಜನಪದ ಕಥೆಯೇ ಇದೆ. 1950ರ ದಶಕದಲ್ಲಿ ಬೆಳಗಾವಿಯ ಲಿಂಗರಾಜ ಕಾಲೇಜಿನಲ್ಲಿ ಪಾಠ ಹೇಳುತ್ತ ಉತ್ತರ ಕರ್ನಾಟಕದ ಕಥೆಗಳನ್ನು ಕೂಡಿಸಲು ತೊಡಗಿದ ಎ.ಕೆ. ರಾಮಾನುಜನ್ ಇದನ್ನು ತಮ್ಮ ಸಂಗ್ರಹದಲ್ಲಿ ಸೇರಿಸಿದ್ದಾರೆ. ಒಬ್ಬ ಗೃಹಿಣಿಗೆ ಒಂದು ಕಥೆ, ಒಂದು ಹಾಡು ಗೊತ್ತಿತ್ತು. ಆಕೆ ಅದನ್ನು ಯಾರಿಗೂ ಹೇಳಲಿಲ್ಲ. ಒಳಗೇ ಉಸಿರುಗಟ್ಟಿದ ಅವೆರಡೂ ಒಂದು ದಿನ ಆಕೆ ಬಾಯಿ ತೆರೆದು ಮಲಗಿದ್ದಾಗ ಹೊರಬಿದ್ದವು. ಕಥೆ ಬಾಗಿಲ ಹೊರಗೆ ಒಂದು ಜೊತೆ ಜೋಡು ಆಯಿತು, ಹಾಡು ಗೂಟಕ್ಕೆ ತೂಗಿದ ಗಂಡಸಿನ ಅಂಗಿಯಾಯಿತು. ಗಂಡ ಬಂದು ನೋಡಿ ‘ಇವು ಯಾರವು?’ ಎಂದ. ಆಕೆಗೂ ಗೊತ್ತಿಲ್ಲ. ಸಂಶಯ ಹುಟ್ಟಿತು, ಜಗಳವಾಯಿತು, ಆತ ಎದ್ದು ಹನುಮಪ್ಪನ ಗುಡಿಗೆ ಹೋಗಿ ಮಲಗಿದ. ರಾತ್ರಿ ಊರಿನ ದೀಪಗಳನ್ನೆಲ್ಲ ಆರಿಸಿದ ಮೇಲೆ ಅವುಗಳ ಜ್ಯೋತಿಗಳು ಆ ಗುಡಿಯಲ್ಲಿ ಕೂಡಿ ಹರಟುತ್ತಿದ್ದವಂತೆ. ತಡವಾಗಿ ಬಂದ ಒಂದು ಜ್ಯೋತಿ ತನ್ನ ಮನೆಯ ಜಗಳದ ನಿಜ ಕಾರಣ ಹೇಳಿದ್ದು ಗಂಡನ ಕಿವಿಗೆ ಬಿತ್ತು. ಆತ ಮನೆಗೆ ಬಂದು ಆ ಕಥೆ, ಆ ಹಾಡು ಯಾವುವು ಎಂದು ಕೇಳಿದ. ಆಕೆಗೆ ಎರಡೂ ಮರೆತುಹೋಗಿದ್ದವು. ಗಿರೀಶ ಕಾರ್ನಾಡರ ‘ನಾಗಮಂಡಲ’ ನಾಟಕದ ಆರಂಭದಲ್ಲಿ ಜ್ಯೋತಿಗಳು ಕೂಡುವುದೂ ಈ ಕಥೆಯಿಂದಲೇ.

ಇಂದು ದೊಡ್ಡ ಊರುಗಳ ಆಸ್ಪತ್ರೆ, ಶಾಲೆ, ಸಂಸ್ಥೆಗಳಲ್ಲಿ ಕೇಳಿಬರುವ ಎಕ್ಸ್‌ಪ್ರೆಸಿವ್ ಆರ್ಟ್ಸ್ ಥೆರಪಿ, ಅಂದರೆ ಅಭಿವ್ಯಕ್ತಿ ಕಲಾ ಚಿಕಿತ್ಸೆ, ಆ ಕಳೆದ ಗಂಟೆಯನ್ನು ಬೇಕೆಂದೇ ಮತ್ತೆ ಹೊಂದಿಸಿಕೊಡುವ ವಿಧಾನ.

ಏನಿದು ಕಲಾ ಚಿಕಿತ್ಸೆ?

ಚಿತ್ರ, ಹಾಡು, ಕುಣಿತ, ನಾಟಕ, ಬರವಣಿಗೆ, ಮಣ್ಣಿನ ಗೊಂಬೆ ಯಾವುದಾದರೂ ಆಗಬಹುದು. ತರಬೇತಿ ಪಡೆದವರ ಜೊತೆಯಲ್ಲಿ, ಮನಸ್ಸಿನ ಭಾರ ಇಳಿಸುವ ಉದ್ದೇಶದಿಂದ, ಇವುಗಳಲ್ಲಿ ಒಂದನ್ನೋ ಹಲವನ್ನೋ ಬಳಸುವುದೇ ಈ ಚಿಕಿತ್ಸೆ. ‘ನನಗೆ ಚಿತ್ರ ಬರೆಯಲು ಬರುವುದಿಲ್ಲ’ ಎಂಬ ಮಾತಿಗೆ ಇಲ್ಲಿ ಬೆಲೆ ಇಲ್ಲ. ಚಿತ್ರ ಚೆನ್ನಾಗಿರಬೇಕಿಲ್ಲ, ಅದನ್ನು ಗೋಡೆಗೆ ತೂಗುಹಾಕುವುದಿಲ್ಲ, ಬಹುಮಾನವೂ ಇಲ್ಲ.

ಇದಕ್ಕೆ ಹೆಸರು ಬಂದದ್ದು ಕ್ಷಯರೋಗದ ಆಸ್ಪತ್ರೆಯಲ್ಲಿ. ಮಿರಜ ಹತ್ತಿರದ ವಾನ್‌ಲೆಸ್‌ವಾಡಿಯಲ್ಲಿ ಇದ್ದಂಥದೇ ಒಂದು ಕ್ಷಯರೋಗ ಧಾಮದಲ್ಲಿ, ಇಂಗ್ಲೆಂಡಿನಲ್ಲಿ, ಚಿತ್ರಕಾರ ಏಡ್ರಿಯನ್ ಹಿಲ್ ತಿಂಗಳುಗಟ್ಟಲೆ ಹಾಸಿಗೆ ಹಿಡಿದಿದ್ದರು. ಬೇಸರ ಕಳೆಯಲು ಬಿಡಿಸಿದ ಚಿತ್ರಗಳು ತಮ್ಮನ್ನು ಎತ್ತಿ ನಿಲ್ಲಿಸಿದವು ಎಂದು ಅನಿಸಿ ಪಕ್ಕದ ಹಾಸಿಗೆಯವರಿಗೂ ಕಲಿಸಿದರು. 1942ರಲ್ಲಿ ಇದನ್ನು ‘ಆರ್ಟ್ ಥೆರಪಿ’ ಎಂದು ಕರೆದವರು ಅವರೇ. ಅದೇ ವರ್ಷ ಅಮೆರಿಕದ ವಾಷಿಂಗ್ಟನ್ನಿನ ಸೇಂಟ್ ಎಲಿಜಬೆತ್ಸ್ ಆಸ್ಪತ್ರೆಯಲ್ಲಿ ಮೇರಿಯನ್ ಚೇಸ್ ಎಂಬ ನೃತ್ಯ ಶಿಕ್ಷಕಿ ಮಾನಸಿಕ ರೋಗಿಗಳ ಜೊತೆ ಕುಣಿತದ ಮೂಲಕ ಕೆಲಸ ಆರಂಭಿಸಿದರು. ಅದಕ್ಕೂ ಮೊದಲು, 1920ರ ದಶಕದ ಆರಂಭದಲ್ಲಿ, ವಿಯೆನ್ನಾದ ವೈದ್ಯ ಜೇಕಬ್ ಮೊರೆನೊ ರೋಗಿಯೇ ತನ್ನ ಸಂಕಟವನ್ನು ಆಡಿ ತೋರಿಸುವ ಮನೋನಾಟಕವನ್ನು ಕಟ್ಟಿದ್ದರು. ಈ ಬೇರೆ ಬೇರೆ ದಾರಿಗಳನ್ನು ಒಂದೇ ಕೋಣೆಗೆ ತಂದದ್ದು 1970ರ ದಶಕದಲ್ಲಿ, ಅಮೆರಿಕದ ಲೆಸ್ಲಿ ಕಾಲೇಜಿನ ಶಾನ್ ಮೆಕ್‌ನಿಫ್, ಪಾವ್ಲೊ ಕ್ನಿಲ್ ಮತ್ತು ಸಂಗಡಿಗರು. ಅಲ್ಲಿಂದ ‘ಎಕ್ಸ್‌ಪ್ರೆಸಿವ್ ಆರ್ಟ್ಸ್’ ಎಂಬ ಒಟ್ಟು ಹೆಸರು ನಿಂತಿತು.

ಕೆಲಸ ನಡೆಯುವ ಬಗೆ ಹೀಗೆ. ಮಗನನ್ನು ಕಳೆದುಕೊಂಡ ತಾಯಿ ಎಂದಿಟ್ಟುಕೊಳ್ಳೋಣ. ‘ಏನಾಯಿತು, ಹೇಳಮ್ಮ’ ಎಂದು ಕೇಳಿದರೆ ಗಂಟಲು ಕಟ್ಟುತ್ತದೆ. ಚಿಕಿತ್ಸಕರು ಅದನ್ನು ಕೇಳುವುದೇ ಇಲ್ಲ. ಮೊದಲು ಸ್ವಲ್ಪ ಉಸಿರು, ಸ್ವಲ್ಪ ಕೈಕಾಲು ಆಡಿಸುವುದು. ನಂತರ ಮುಂದೆ ಮಣ್ಣು ಇಡುತ್ತಾರೆ ಅಥವಾ ಬಣ್ಣ ಇಡುತ್ತಾರೆ. ಕೈ ಏನಾದರೂ ಮಾಡುತ್ತದೆ. ಒಂದು ಬಾವಿ, ಒಂದು ತೊಟ್ಟಿಲು, ಬರೀ ಒಂದು ಉಂಡೆ. ಆಮೇಲೆ ಇಬ್ಬರೂ ಕುಳಿತು ಅದನ್ನು ನೋಡುತ್ತಾರೆ. ‘ಕಪ್ಪು ಬಣ್ಣ ಹಾಕಿದ್ದೀರಿ, ಅಂದರೆ ಸಾವಿನ ಭಯ’ ಎಂದು ಭವಿಷ್ಯ ಹೇಳುವವರು ಒಳ್ಳೆಯ ಚಿಕಿತ್ಸಕರಲ್ಲ. ‘ಈ ಬಾವಿಗೆ ಮಾತು ಬಂದರೆ ಏನು ಹೇಳೀತು?’ ಎಂದು ಕೇಳಿ ಸುಮ್ಮನಿರುವವರು ಬಲ್ಲವರು. ಎದೆಯೊಳಗೆ ಇದ್ದದ್ದು ಈಗ ಎದುರಿಗೆ, ಕೈಯಳತೆಯ ದೂರದಲ್ಲಿ ಕುಳಿತಿದೆ. ಅದನ್ನು ತಿರುಗಿಸಿ ನೋಡಬಹುದು, ಮುರಿದು ಮತ್ತೆ ಮಾಡಬಹುದು, ಬೇಡವಾದರೆ ಅಲ್ಲಿಯೇ ಬಿಟ್ಟು ಮನೆಗೆ ಹೋಗಬಹುದು.

ಬೀಸುಕಲ್ಲಿನ ಮುಂದೆ ನಡೆಯುತ್ತಿದ್ದದ್ದೂ ಬಹುಮಟ್ಟಿಗೆ ಇದೇ. ಒಂದೇ ಲಯದಲ್ಲಿ ತಿರುಗುವ ಕೈ, ಹಾಡಿಗೆ ತಕ್ಕಂತೆ ಉದ್ದವಾಗುವ ಉಸಿರು, ನೇರ ಹೇಳದೆ ಸೀತೆಯ ಹೆಸರಿನಲ್ಲಿ ಹೇಳುವ ಜಾಣತನ, ಎದುರಿಗೆ ಕುಳಿತು ಹೂಂಗುಟ್ಟುವ ಒಬ್ಬಳು. ಉಸಿರು ನಿಧಾನವಾಗಿ ಹೊರಬಿಟ್ಟಾಗ ಎದೆಬಡಿತ ಇಳಿಯುತ್ತದೆ ಎಂಬುದು ಶರೀರಶಾಸ್ತ್ರ. ಹಾಡುವವರು ಉಸಿರನ್ನು ಬಿಡುವುದು ಹಾಗೆಯೇ. ಸತ್ತವರ ಮುಂದೆ ಹೆಂಗಸರು ಅವರ ಗುಣ ಎಣಿಸಿ ಹಾಡಿ ಅಳುವುದನ್ನು ಓದಿದ ಮಕ್ಕಳು ನಾಚಿಕೆಯ ವಿಷಯವೆಂದು ಬಾಯಿ ಮುಚ್ಚಿಸುವುದುಂಟು. ಮುಚ್ಚಿಸದೆ ಇರುವುದು ಒಳ್ಳೆಯದು.

ಯಾವ ಭಾಷೆಯಲ್ಲಿ ಅಳುವುದು?

ಗಡಿನಾಡಿನವರಿಗೆ ಇದೊಂದು ಬೇರೆಯೇ ತೊಡಕು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ, ಬಜಾರದಲ್ಲಿ ಎರಡೂ. ಕೊಲ್ಲಾಪುರದ ಡಾಕ್ಟರರ ಮುಂದೆ ಕುಳಿತ ಅಜ್ಜಿ ಮಂಡಿನೋವನ್ನು ಮರಾಠಿಯಲ್ಲಿ ಸರಾಗವಾಗಿ ಹೇಳುತ್ತಾಳೆ. ‘ರಾತ್ರಿ ಜೀವ ಹೊಯ್ದಾಡತೈತಿ’ ಎಂಬುದನ್ನು ಹೇಳಲು ಹೋದರೆ ಮಾತು ಸಿಗುವುದಿಲ್ಲ. ಜೊತೆಗೆ ಬಂದ ಮೊಮ್ಮಗ ‘ನಿದ್ದೆ ಬರುವುದಿಲ್ಲವಂತೆ’ ಎಂದು ಅನುವಾದ ಮಾಡುತ್ತಾನೆ, ಚೀಟಿಯಲ್ಲಿ ನಿದ್ದೆಯ ಗುಳಿಗೆ ಬರುತ್ತದೆ. ಅಜ್ಜಿ ಹೇಳಿದ್ದು ನಿದ್ದೆಯ ಮಾತಲ್ಲ. ಚಿತ್ರ, ತಾಳ, ಕುಣಿತಗಳಿಗೆ ಈ ತೊಡಕಿಲ್ಲ ಎಂಬುದೇ ಇಂಥ ಸೀಮೆಯಲ್ಲಿ ಕಲಾ ಚಿಕಿತ್ಸೆಯ ದೊಡ್ಡ ಅನುಕೂಲ.

ಬರೆಯುವುದಾದರೂ ಅಷ್ಟೇ. ಇದಕ್ಕೆ ಸಂಬಂಧಿಸಿದ ಹೆಸರಾಂತ ಪ್ರಯೋಗವೊಂದು 1986ರಲ್ಲಿ ಪ್ರಕಟವಾಯಿತು. ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಪೆನ್ನೆಬೇಕರ್ ಮತ್ತು ಸಾಂಡ್ರಾ ಬೀಲ್ 46 ಕಾಲೇಜು ವಿದ್ಯಾರ್ಥಿಗಳಿಗೆ ನಾಲ್ಕು ದಿನ, ದಿನಕ್ಕೆ 15 ನಿಮಿಷ ಬರೆಯಲು ಹೇಳಿದರು. ಕೆಲವರು ಸಾಮಾನ್ಯ ವಿಷಯ ಬರೆದರು, ಉಳಿದವರು ಜೀವನದಲ್ಲಿ ಆದ ದೊಡ್ಡ ಆಘಾತದ ಬಗ್ಗೆ ಬರೆದರು. ಆದದ್ದನ್ನೂ ಆಗ ಅನಿಸಿದ್ದನ್ನೂ ಕೂಡಿಸಿ ಬರೆದವರು ಮುಂದಿನ ತಿಂಗಳುಗಳಲ್ಲಿ ಕಾಲೇಜಿನ ದವಾಖಾನೆಗೆ ಹೋದದ್ದು ಕಡಿಮೆ. ಆದರೆ ಬರೆದ ಕೂಡಲೇ ಅವರಿಗೆ ಹಗುರ ಅನಿಸಲಿಲ್ಲ. ದುಃಖ ಹೆಚ್ಚೇ ಆಗಿತ್ತು. ಗಾಯ ತೊಳೆಯುವಾಗ ಉರಿಯುವಂತೆ ಇದೂ ಮೊದಲು ಉರಿಯುತ್ತದೆ. ನಂತರದ ನೂರಾರು ಅಧ್ಯಯನಗಳಲ್ಲಿ ಲಾಭ ಕಂಡದ್ದು ಸಣ್ಣ ಪ್ರಮಾಣದಲ್ಲಿ, ಎಲ್ಲರಿಗೂ ಅಲ್ಲ. ಖರ್ಚು ಮಾತ್ರ ಒಂದು ವಹಿ, ಒಂದು ಪೆನ್ನು.

ಇಲ್ಲಿನ ಹುಡುಗ ಹುಡುಗಿಯರಲ್ಲಿ ಕನ್ನಡ ಮಾತಾಡಬಲ್ಲ, ಆದರೆ ದೇವನಾಗರಿ ಮಾತ್ರ ಓದಿ ಬರೆಯಬಲ್ಲ ಮಕ್ಕಳು ಬಹಳ. ಅವರು ತಮ್ಮ ಮನೆಯ ಕನ್ನಡವನ್ನು ಮರಾಠಿ ಅಕ್ಷರದಲ್ಲಿ ಬರೆದರೂ ಆಯಿತು, ಎರಡು ಭಾಷೆ ಕಲಸಿ ಬರೆದರೂ ಆಯಿತು. ಬರೆದದ್ದನ್ನು ಯಾರಿಗೂ ತೋರಿಸಬೇಕಿಲ್ಲ, ಹರಿದು ಒಲೆಗೆ ಹಾಕಬಹುದು. ಅಕ್ಷರ ಬಾರದವರು ಮೊಬೈಲಿನಲ್ಲಿ ಮಾತಾಡಿ ರೆಕಾರ್ಡ್ ಮಾಡಿ ಅಳಿಸಬಹುದು.

ಜೈಲಿನಲ್ಲಿ ನಾಟಕ, ಪುಣೆಯ ವಸ್ತಿಗಳಲ್ಲಿ ಹಾಡು

ಕನ್ನಡ ನಾಡಿನಲ್ಲಿ ಕಲೆ ಮನುಷ್ಯನನ್ನು ಬದಲಿಸಿದ ಉದಾಹರಣೆ ಕೇಳಿದರೆ ರಂಗಾಯಣದ ಕಲಾವಿದ ಹುಲುಗಪ್ಪ ಕಟ್ಟೀಮನಿಯವರ ಹೆಸರು ಬರುತ್ತದೆ. 1990ರ ದಶಕದ ಕೊನೆಯಿಂದ ಬಳ್ಳಾರಿ, ನಂತರ ಮೈಸೂರು ಕಾರಾಗೃಹಗಳ ಕೈದಿಗಳಿಗೆ ಅವರು ನಾಟಕ ಕಲಿಸಿದರು. ಕೊಲೆ ಮಾಡಿ ಜೀವಾವಧಿ ಶಿಕ್ಷೆ ಅನುಭವಿಸುತ್ತಿದ್ದವರು ಕಾರ್ನಾಡರ ‘ತಲೆದಂಡ’ ಆಡಿದರು. ಷೇಕ್ಸ್‌ಪಿಯರನ ‘ಮ್ಯಾಕ್‌ಬೆತ್’ ಅನ್ನು ಎಚ್.ಎಸ್. ಶಿವಪ್ರಕಾಶ್ ಕನ್ನಡಕ್ಕೆ ತಂದ ‘ಮಾರನಾಯಕ’ ಆಡಿದರು. ಪೊಲೀಸ್ ಕಾವಲಿನಲ್ಲಿ ಜೈಲಿನ ಹೊರಗೂ ಪ್ರದರ್ಶನಗಳಾದವು. ಕೊಲೆ ಮಾಡಿದವನು ಕೈಗೆ ಅಂಟಿದ ರಕ್ತ ತೊಳೆದುಹೋಗದ ಕಥೆಯನ್ನು ರಂಗದ ಮೇಲೆ ಆಡುವುದೆಂದರೆ ಅದು ಬರೀ ಪಾತ್ರವಾಗಿ ಉಳಿಯುವುದಿಲ್ಲ. ಇದನ್ನು ಯಾರೂ ಚಿಕಿತ್ಸೆ ಎಂದು ಆರಂಭಿಸಿರಲಿಲ್ಲ, ನಾಟಕ ಎಂದೇ ಆರಂಭಿಸಿದ್ದು.

ಮಹಾರಾಷ್ಟ್ರದ ಕಡೆ ನೋಡಿದರೆ ಪುಣೆಯ ಬಾಪು ಟ್ರಸ್ಟ್. ಚಿಕ್ಕವರಿದ್ದಾಗ ತಾಯಿಯನ್ನು ಹುಚ್ಚಾಸ್ಪತ್ರೆಗಳಲ್ಲಿ ಕಂಡ ಭಾರ್ಗವಿ ದಾವರ 1999ರಲ್ಲಿ ಇದನ್ನು ಕಟ್ಟಿದರು. ಕಲಾಧಾರಿತ ಚಿಕಿತ್ಸೆಯಲ್ಲಿ ಸ್ವತಃ ತರಬೇತಿ ಪಡೆದಿದ್ದ ಅವರು 2024ರಲ್ಲಿ ತೀರಿಕೊಂಡರು. ಸಂಸ್ಥೆ ಪುಣೆಯ ಬಡವರ ವಸ್ತಿಗಳಲ್ಲಿ ಮನೆಬಾಗಿಲಿಗೆ ಹೋಗಿ ಕೆಲಸ ಮಾಡುವಾಗ ಹಾಡು, ತಾಳ, ಚಿತ್ರಗಳನ್ನೂ ಬಳಸುತ್ತ ಬಂದಿದೆ. ಗಡಹಿಂಗ್ಲಜದಂಥ ತಾಲೂಕು ಊರಿಗೆ ಹತ್ತಿರವಾದ ಮಾದರಿ ಇದೇ. ಎ.ಸಿ. ಕೋಣೆ, ದುಬಾರಿ ಬಣ್ಣ ಬೇಕಿಲ್ಲ. ಒಂದು ಗುಡಿಯ ಕಟ್ಟೆ, ಒಂದು ದಿಮ್ಮಡಿ ಸಾಕಾಗುತ್ತದೆ.

ಪುರಾವೆ ಎಷ್ಟು?

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ 3000ಕ್ಕೂ ಹೆಚ್ಚು ಅಧ್ಯಯನಗಳನ್ನು ಜಾಲಾಡಿ, ಕಲೆಗಳು ಆರೋಗ್ಯಕ್ಕೆ ನೆರವಾಗಬಲ್ಲವು ಎಂಬ ವರದಿ ಕೊಟ್ಟಿತು. ಖಿನ್ನತೆಗೆ ಸಂಗೀತ ಚಿಕಿತ್ಸೆಯ ಬಗ್ಗೆ 2017ರಲ್ಲಿ ಬಂದ ಕೊಕ್ರೇನ್ ಪರಿಶೀಲನೆ 9 ಅಧ್ಯಯನಗಳ 421 ಜನರನ್ನು ನೋಡಿತು. ಎಂದಿನ ಚಿಕಿತ್ಸೆಯ ಜೊತೆಗೆ ಸಂಗೀತವೂ ಸೇರಿದಾಗ ಸ್ವಲ್ಪ ಕಾಲದ ಮಟ್ಟಿಗಾದರೂ ಹೆಚ್ಚು ಗುಣ ಕಂಡಿತು. ‘ಜೊತೆಗೆ’ ಎಂಬ ಮಾತು ಮುಖ್ಯ. ಗುಳಿಗೆ ಬಿಟ್ಟು ಹಾಡಲು ಯಾರೂ ಹೇಳಿಲ್ಲ.

ಇನ್ನೊಂದು ಮುಖವೂ ಇದೆ. ಬ್ರಿಟನ್ನಿನಲ್ಲಿ ಸ್ಕಿಜೋಫ್ರೇನಿಯಾ ಇದ್ದ 417 ಜನರ ಮೇಲೆ ನಡೆದು 2012ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಗುಂಪಿನ ಚಿತ್ರಕಲಾ ಚಿಕಿತ್ಸೆಯಿಂದ ವಿಶೇಷ ಲಾಭ ಕಾಣಲಿಲ್ಲ. ಕರೆದವರಲ್ಲಿ ಬಹಳ ಜನ ಸರಿಯಾಗಿ ಬರಲೂ ಇಲ್ಲ. ಆದ್ದರಿಂದ ‘ಡ್ಯಾನ್ಸಿನಿಂದ ಎಲ್ಲ ರೋಗ ಮಾಯ’ ಎಂದು ಬೋರ್ಡು ಹಾಕುವವರನ್ನು ನಂಬಬಾರದು. ಯಾರಾದರೂ ಶಿಬಿರ ಮಾಡಲು ಬಂದರೆ ತರಬೇತಿ ಎಲ್ಲಿ ಆಯಿತು, ಎಷ್ಟು ತಿಂಗಳಿನದು, ಯಾವ ಮನೋವೈದ್ಯರ ಅಥವಾ ಮನಶ್ಶಾಸ್ತ್ರಜ್ಞರ ಸಂಪರ್ಕದಲ್ಲಿ ಇದ್ದಾರೆ ಎಂದು ಕೇಳುವುದರಲ್ಲಿ ತಪ್ಪಿಲ್ಲ. ಶನಿವಾರ ಭಾನುವಾರ ಎರಡು ದಿನ ಕಲಿತು ಬಂದವರು ಗಾಯ ಬಿಚ್ಚಬಲ್ಲರು, ಕಟ್ಟಲಾರರು.

ಮಹಾಪೂರದಂಥ ಆಪತ್ತಿನ ನಂತರ ಈ ಎಚ್ಚರ ಇನ್ನೂ ಹೆಚ್ಚು ಬೇಕು. 2005, 2019 ಮತ್ತು 2021ರ ಮಹಾಪೂರಗಳನ್ನು ಕೊಲ್ಲಾಪುರ ಜಿಲ್ಲೆ ಮರೆತಿಲ್ಲ. ಮನೆ, ದನ ಕಳೆದುಕೊಂಡವರು ನಿರಾಶ್ರಿತರ ಕೇಂದ್ರದಲ್ಲಿ ಕುಳಿತಿರುವಾಗಲೇ ಕೈಗೆ ಹಾಳೆ ಕೊಟ್ಟು ‘ನೀರು ಬಂದ ರಾತ್ರಿಯ ಚಿತ್ರ ಬರೆಯಿರಿ’ ಎನ್ನುವುದು ಉಪಕಾರವಲ್ಲ. ಆಘಾತವಾದ ಕೂಡಲೇ ಒಂದೇ ಸಲ ಕೂಡಿಸಿ ಎಲ್ಲವನ್ನೂ ಹೇಳಿಸುವ ವಿಧಾನದಿಂದ ಉಪಯೋಗವಿಲ್ಲ, ಕೆಲವರಿಗೆ ತೊಂದರೆಯೂ ಆಗಬಹುದು ಎಂದು 2002ರ ಕೊಕ್ರೇನ್ ಪರಿಶೀಲನೆ ಹೇಳಿತು. ಆ ದಿನಗಳಲ್ಲಿ ಬೇಕಾದದ್ದು ಒಣ ಬಟ್ಟೆ, ಬಿಸಿ ಭಕ್ಕರಿ, ಕಳೆದುಹೋದವರ ಸುದ್ದಿ, ಹತ್ತಿರ ಕುಳಿತುಕೊಳ್ಳುವ ಒಬ್ಬರು. ಮಕ್ಕಳು ತಾವಾಗಿ ಆಡಿದರೆ, ಹಾಡಿದರೆ ಬಿಡಬೇಕು. ಉಳಿದದ್ದು ವಾರಗಳ ನಂತರ.

ಎಲ್ಲಿಗೆ ಹೋಗಬೇಕು?

ತಾಲೂಕು ಮಟ್ಟದಲ್ಲಿ ಕಲಾ ಚಿಕಿತ್ಸಕರು ಸಿಗುವುದು ಕಷ್ಟ. ಆದರೆ ದುಃಖ, ಹೆದರಿಕೆ, ನಿದ್ದೆಗೇಡು ಎರಡು ವಾರ ದಾಟಿದರೆ, ದುಡಿಯಲು ಆಗದಷ್ಟಾದರೆ, ಕುಡಿತಕ್ಕೆ ತಿರುಗಿದರೆ ವೈದ್ಯರ ಬಳಿ ಹೋಗಲೇಬೇಕು. ಗಡಹಿಂಗ್ಲಜದ ಉಪಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ ಅಲ್ಲಿಂದ ಕೊಲ್ಲಾಪುರದ ಸಿ.ಪಿ.ಆರ್. ಆಸ್ಪತ್ರೆಗೆ ಹೋಗಬಹುದು. ಈ ಭಾಗಕ್ಕೆ ಹತ್ತಿರದ ಮಹಾರಾಷ್ಟ್ರ ಸರಕಾರದ ಪ್ರಾದೇಶಿಕ ಮನೋರುಗ್ಣಾಲಯ ರತ್ನಾಗಿರಿಯದು. ಕನ್ನಡದಲ್ಲಿಯೇ ಮಾತಾಡಬೇಕು ಎನ್ನುವವರಿಗೆ ಧಾರವಾಡದಲ್ಲಿ ಡಿಮ್ಹಾನ್ಸ್ ಇದೆ. ಸರಕಾರಿ ವ್ಯವಸ್ಥೆಯಲ್ಲಿ ಮಾನಸಿಕ ಚಿಕಿತ್ಸೆ ಪಡೆಯುವುದು 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ಪ್ರತಿಯೊಬ್ಬರ ಹಕ್ಕು. ಜೀವ ಕಳೆದುಕೊಳ್ಳುವ ಮಾತು ಬಾಯಲ್ಲಿ ಬಂದರೆ ‘ಸುಮ್ಮನೆ ಹೇಳುತ್ತಾನೆ’ ಎಂದು ಬಿಡದೆ, ಒಬ್ಬರನ್ನೇ ಬಿಡದೆ, ಕೀಟನಾಶಕದ ಡಬ್ಬಿಗಳನ್ನು ಕೈಗೆ ಸಿಗದಂತೆ ಇಟ್ಟು, ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಬೇಕು.

ಅಷ್ಟು ದೂರ ಹೋಗಲು ಆಗದವರಿಗೆ, ಹೋಗಲು ಸಂಕೋಚಪಡುವವರಿಗೆ 14416 ಇದೆ. 2022ರ ಅಕ್ಟೋಬರ್ 10ರಂದು ಕೇಂದ್ರ ಸರಕಾರ ಆರಂಭಿಸಿದ ‘ಟೆಲಿ ಮಾನಸ್’ ಸಹಾಯವಾಣಿಯ ಸಂಖ್ಯೆ ಇದು. ಹಗಲು ರಾತ್ರಿ ನಡೆಯುತ್ತದೆ, ಹಣ ಬೀಳುವುದಿಲ್ಲ. ಮರಾಠಿ, ಕನ್ನಡ ಎರಡೂ ಇವೆ. ಭಾಷೆಯನ್ನು ಕರೆ ಮಾಡುವವರೇ ಆರಿಸಿಕೊಳ್ಳಬಹುದು.